ಎಡಿಟರಿನಿಂದ ಹೊರಬರುವ ವಿದ್ಯೆ

ನನ್ನ ಟೈಪಿಂಗ್ ವೇಗದ ಬಗ್ಗೆ ನನಗೆ ಸ್ವಲ್ಪ ಜಂಬವಿತ್ತು. ಸ್ವಲ್ಪ ಅಂದೆನೇ? ಸುಳ್ಳು ಯಾಕೆ, ಬೇಕಾದಷ್ಟಿತ್ತು. ಕೆಜಿಎಫ್‌ನ ನಮ್ಮ ಕಚೇರಿಯಲ್ಲಿ ನಾನು ಟೈಪ್ ಮಾಡಲು ಕೂತರೆ ಪಕ್ಕದ ಮೇಜಿನವರು ಮಾತು ನಿಲ್ಲಿಸುತ್ತಿದ್ದರು. ಕೇಳಿಸಿದರೆ ತಾನೆ ಆಡುವುದು! ತೊಂಬತ್ತರ ದಶಕದ ಶುರುವಿನಲ್ಲಿ ಕಂಪ್ಯೂಟರ್ ಬಂದಾಗ, ಅದರ ಮುಂದೆ ಕೂರಲು ನನ್ನನ್ನು ಬಿಟ್ಟರೆ ಇನ್ನಾರು ಎಂದುಕೊಂಡೆ.

ಸಾಹೇಬರು ಎಡಿಟರ್ ಎಂಬ ಪ್ರೋಗ್ರಾಮು ತೆರೆದು "ಟೈಪ್ ಮಾಡಿ ನೋಡಮ್ಮ" ಅಂದರು. ದಡದಡ ಬಡಿದೆ. ಯಂತ್ರ ಕೀಂಯ್ ಎಂದಿತು. ಅಕ್ಷರ ಮೂಡುವುದಿರಲಿ, ಇದ್ದ ಸಾಲುಗಳೇ ಮಾಯ! ಆ ಪುಣ್ಯಾತ್ಮ ಎಡಿಟರಿನಲ್ಲಿ ಮೊದಲು 'ಐ' ಒತ್ತಿದರೆ ಮಾತ್ರ ಬರೆಯಬಹುದಂತೆ. ಇಲ್ಲವಾದರೆ ಒಂದೊಂದು ಅಕ್ಷರವೂ ಒಂದೊಂದು ಅಪ್ಪಣೆ. 'ಎಕ್ಸ್' ಅಂದರೆ ಅಕ್ಷರ ಅಳಿಸು, 'ಡಿ' ಎರಡು ಸಲ ಅಂದರೆ ಇಡೀ ಸಾಲು ಅಳಿಸು.

"ಸೋಮವಾರ ಪರೀಕ್ಷೆ. ಆಗ್ಲಿಲ್ಲ ಅಂದ್ರೆ ಟಪಾಲು ವಿಭಾಗ" ಅಂದರು ಸಾಹೇಬರು. ಟಪಾಲು ಅಂದರೆ ದಿನವಿಡೀ ಲಕೋಟೆಗೆ ಅಂಟು ಬಳಿಯುವುದು. ನನ್ನ ಹತ್ತು ಬೆರಳಿಗೂ ಅಳು ಬಂತು.

ಬಂಗಾರಪೇಟೆಯ ರೈಲಿನಲ್ಲಿ, ಎಡಿಟರಿನ ಕೈಪಿಡಿಯಿಂದ ಗೀಚಿಕೊಂಡ ಚೀಟಿ ನೋಡುತ್ತಾ ಊಟದ ಡಬ್ಬಿಯ ಮುಚ್ಚಳದ ಮೇಲೆ ಬೆರಳಾಡಿಸಿದೆ. ಎದುರಿನ ಹೆಂಗಸು ಪಾಪ ಎಂಬಂತೆ ನೋಡಿ, ತನ್ನ ಮಗುವನ್ನು ಹತ್ತಿರಕ್ಕೆಳೆದುಕೊಂಡಳು.

ಮನೆಯಲ್ಲಿ ಮಾವ ಹಸು ಕರೆಯುತ್ತಿದ್ದರು. ನಿವೃತ್ತರಾಗುವ ಮುಂಚೆ ಅವರು ಗಣಿಯೊಳಕ್ಕೆ ಆಳುಗಳನ್ನು ಇಳಿಸುವ ಕೇಜಿನ ಎಂಜಿನ್ ಡ್ರೈವರು. ನನ್ನ ಗೋಳು ಕೇಳಿ ನಕ್ಕೇ ನಕ್ಕರು.

"ಇಷ್ಟೇನಾ? ಕೇಜು ನಿಂತಿರೋವಾಗ ಕೆಳಗಿಂದ ಒಂದು ಗಂಟೆ ಒಡುದ್ರೆ ಮ್ಯಾಕ್ ಎತ್ತು ಅಂತ. ಓಡ್ತಿರೋವಾಗ ಅದೇ ಒಂದು ಗಂಟೆ ಒಡುದ್ರೆ ನಿಲ್ಸು ಅಂತ. ನಿಂತೈತಾ, ಓಡ್ತೈತಾ, ಮೊದ್ಲು ಅದು ನೋಡ್ಕಮ್ಮ. ಆಮ್ಯಾಕೆ ಕೈ ಆಕು."

ಕೈಪಿಡಿಯ ಅಷ್ಟೂ ಪುಟ ಹೇಳದ್ದನ್ನು ಮಾವ ಹಾಲಿನ ಚೆಂಬು ಹಿಡಿದುಕೊಂಡೇ ಹೇಳಿ ಮುಗಿಸಿದರು! ನಾನು ಇಷ್ಟು ದಿನ ಬೆರಳು ನೋಡಿದ್ದೆನೇ ಹೊರತು ಕೇಜು ನೋಡಿರಲಿಲ್ಲ.

ಸೋಮವಾರ ಕೂತೆ. ನಿಂತಿದೆಯಾ? ನಿಂತಿದೆ. 'ಐ' ಒತ್ತಿ ಒಂದು ಪುಟ ಓಡಿಸಿದೆ. 'ಎಸ್ಕೇಪ್' ಒತ್ತಿ ನಿಲ್ಲಿಸಿದೆ. ತಪ್ಪಿದ ಸಾಲು ಅಳಿಸುವ ಆತುರಕ್ಕೆ ಒಂದು ಒಳ್ಳೆಯ ಸಾಲೇ ಅಳಿಸಿಹೋಯಿತು. ಚೀಟಿ ನೋಡಿ, ಮಾಡಿದ್ದನ್ನು ರದ್ದು ಮಾಡುವ 'ಯು' ಒತ್ತಿದೆ. ಹೋದ ಸಾಲು ಹಾಗೇ ಎದ್ದು ಬಂತು. ರಬ್ಬರು ಉಜ್ಜಿ ಉಜ್ಜಿ ಕಾಗದ ತೂತು ಮಾಡಿದವಳಿಗೆ ಇದಕ್ಕಿಂತ ಸಂತೋಷ ಬೇರೆ ಬೇಕೇ, ನೀವೇ ಹೇಳಿ. ಕೊನೆಗೆ ಚೀಟಿಯಲ್ಲಿದ್ದಂತೆ ಕೋಲನ್, 'ಡಬ್ಲ್ಯು', 'ಕ್ಯು', ಎಂಟರ್. ಬರೆದದ್ದು ಉಳಿಯಿತು, ನಾನು ಹೊರಗೆ ಬಂದೆ.

ಸಾಹೇಬರು ಕುರ್ಚಿ ಹತ್ತಿರಕ್ಕೆಳೆದು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು. "ಈಗ ಆಚೆ ಬಂದ್ರಲ್ಲಮ್ಮ, ಅದು ಹೆಂಗೆ? ನಾನು ಇಷ್ಟು ದಿನ ಸ್ವಿಚ್ಚೇ ಆರಿಸ್ತಿದ್ದೆ."

ಕಂಪ್ಯೂಟರ್ ಕೋಣೆ ನನ್ನದಾಯಿತು! ಸಂಜೆ ಮಾವನಿಗೆ ಹೇಳಿದೆ. ಈ ಸಲ ಅವರು ನಗಲಿಲ್ಲ.

"ಕೆಳಕ್ಕೆ ಯಾರ್ ಬೇಕಾದ್ರೂ ಇಳೀತಾರೆ ಕಣಮ್ಮ. ಮ್ಯಾಕ್ ಕರ್ಕೊಂಡು ಬರೋರೇ ಡ್ರೈವರು."

ಅಂದಿನಿಂದ ಮನೆಯಲ್ಲಿ ನನ್ನ ಹೆಸರು ಡ್ರೈವರಮ್ಮ. ಟೈಪಿಂಗ್ ವೇಗದ ಜಂಬ ಈಗ ಇಳಿದಿದೆ. ಈ ಹೆಸರಿನ ಜಂಬ ಮಾತ್ರ, ಸುಳ್ಳು ಯಾಕೆ, ಬೇಕಾದಷ್ಟಿದೆ.