ಹಿತ್ತಲಲ್ಲಿ ಕದಲದ ನೆರಳು

ನಮ್ಮಮ್ಮ ಬಟ್ಟೆ ಹೊಲಿಯುವವಳು. ಕೆಟ್ಟ ಜಿಪ್ಪು ಸರಿಮಾಡುವುದರಲ್ಲಿ ಕೈ ಪಳಗಿದ್ದರಿಂದ ಓಣಿಯವರೆಲ್ಲ ಅವಳನ್ನು ಜಿಪ್ಪಮ್ಮ ಎಂದೇ ಕರೆಯುತ್ತಾರೆ. ಅವಳದೂ ಅವಳ ಅತ್ತೆಯದೂ, ಅಂದರೆ ನಮ್ಮಜ್ಜಿಯದೂ, ಎಣ್ಣೆ-ಸೀಗೆಕಾಯಿ ಸಂಬಂಧ. ಜಗಳವಿಲ್ಲದೆ ಇಬ್ಬರೂ ಕೂಡಿ ಮಾಡಿದ ಕೆಲಸ ಒಂದೂ ಇಲ್ಲ.

ಅಜ್ಜಿ ಎಲ್ಲಿಂದಲೋ ತಂದ ಒಂದು ಹೂವಿನ ಬೀಜಕ್ಕೂ ಜಗಳವೇ. ಅದು ನೆರಳಿನ ಹೂವು. ಒಮ್ಮೆ ಬೇರೂರಿದರೆ ವರ್ಷವರ್ಷವೂ ಚಿಗುರುತ್ತದೆ, ಆದರೆ ಬೀಜದಿಂದ ಎಬ್ಬಿಸುವುದು ಮಹಾ ರಗಳೆ. ಅಜ್ಜಿ ಬೀಜಗಳನ್ನು ಒದ್ದೆ ಮರಳಿನಲ್ಲಿ ಕಲಸಿ, ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಚಳಿಗೆ ಮಲಗಿಸಿದಳು. ಆಮೇಲೆ ಟ್ರೇಯ ಮಣ್ಣಿನ ಮೇಲೆ ಉದುರಿಸಿದಳು, ಮಣ್ಣು ಮುಚ್ಚಲಿಲ್ಲ. ವರ್ಷವಾದರೂ ಮೊಳಕೆಯ ಸುಳಿವಿಲ್ಲ. ಅಮ್ಮ ಟ್ರೇಯ ಮಣ್ಣು ಚೆಲ್ಲಲು ಹೋದಾಗ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಅಡ್ಡ ನಿಂತಳು.

"ಅವಕ್ಕೆ ಇನ್ನೊಂದು ಚಳಿಗಾಲ ಬೇಕು ಕಣೇ. ಇದರ ಹೂ ನೋಡೋವರೆಗೂ ನಾನು ಎಲ್ಲಿಗೂ ಹೋಗಲ್ಲ."

"ಹಾಗಾದ್ರೆ ಬೇಗ ಅರಳ್ಲಿ. ನನಗೂ ಬಿಡುಗಡೆ ಸಿಗ್ಲಿ," ಎಂದಳು ಅಮ್ಮ.

ಎರಡನೆಯ ಚಳಿ ಕಳೆದು ಮೊಳಕೆ ಬಂತು. ಅಜ್ಜಿ ಸಸಿಗಳನ್ನು ಹಿತ್ತಲಲ್ಲಿ, ಪಕ್ಕದ ಗೋದಾಮಿನ ಗೋಡೆಯ ನೆರಳಿಗೆ ನೆಟ್ಟಳು. ಹೂ ನೋಡುವ ಮೊದಲೇ ತೀರಿಕೊಂಡಳು. ಆ ಬೇಸಿಗೆಯಲ್ಲೇ ಗೋದಾಮನ್ನೂ ಕೆಡವಿದರು. ಹಿತ್ತಲ ತುಂಬ ರಣಬಿಸಿಲು.

ಎಲೆಗಳು ಸುಟ್ಟುಹೋಗಬೇಕಿತ್ತು. ಹೋಗಲಿಲ್ಲ. ಸಸಿಗಳ ಮೇಲೆ ನೆರಳು ಹಾಗೇ ಇತ್ತು. ತಲೆಯೆತ್ತಿ ನೋಡಿದೆ: ಗೋಡೆಯಿಲ್ಲ, ಮರವಿಲ್ಲ, ಮೋಡವೂ ಇಲ್ಲ. ಬೆಳಿಗ್ಗೆ ನೋಡಿದರೂ ಸಂಜೆ ನೋಡಿದರೂ ಆ ನೆರಳು ಕದಲುತ್ತಿರಲಿಲ್ಲ. ಅಗಲವಾದ ಹೆಗಲು, ಸೊಂಟದ ಮೇಲೆ ಕೈ. ಹೆದರುತ್ತಲೇ ಹತ್ತಿರ ಹೋದೆ. ಕೈ ಚಾಚಿದರೆ, ಅಲ್ಲಿ ಫ್ರಿಜ್ಜಿನ ಬಾಗಿಲು ತೆರೆದಷ್ಟು ತಣ್ಣಗಿತ್ತು.

ಅಮ್ಮ ಮಾತ್ರ ಹೊಲಿಗೆ ಮಿಷನ್ನನ್ನೇ ಹಿತ್ತಲ ಬಾಗಿಲಿಗೆ ಎಳೆದು ತಂದಳು. ಜಿಪ್ಪು ಹಾಕುತ್ತ ನೆರಳಿಗೆ ಅಪ್ಪನ ಮೇಲೆ ದೂರು ಹೇಳುವಳು. "ನಿಮ್ಮ ಮಗ ಇವತ್ತೂ ಊಟಕ್ಕೆ ಲೇಟು. ನೀವು ಬೆಳೆಸಿದ ಚೆಂದ!" ಎಂದು, ಉತ್ತರ ಬರುವಷ್ಟು ಹೊತ್ತು ಸುಮ್ಮನಿರುವಳು. ಆಗ ಅವಳ ಮುಖದ ಮೇಲಿರುತ್ತಿದ್ದ ನೆಮ್ಮದಿ ನೋಡಿ ನನಗೆ ನೆರಳಿಗಿಂತ ಹೆಚ್ಚು ಭಯವಾಗುತ್ತಿತ್ತು.

ಕೊನೆಗೂ ಒಂದು ದಿನ, ಎಲೆಯಡಿ, ಬಗ್ಗಿ ನೋಡದ ಹೊರತು ಕಾಣದಂತೆ ಒಂದು ಹೂ ಅರಳಿತು. ಮಾಸಲು ನೀಲಿ, ತಲೆ ತಗ್ಗಿಸಿದ ಹೂ. ಅಂದು ನೆರಳಿಗೆ ತಲೆ, ಹೆಗಲು, ಕೈ ಇರಲಿಲ್ಲ. ಸೊಂಟದ ಕೆಳಗಿನದಷ್ಟೇ ಉಳಿದಿತ್ತು. ಅಮ್ಮ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಅವಳು ಮಂಡಿಯೂರಿ, ದಾರ ಕತ್ತರಿಸುವ ಪುಟ್ಟ ಕತ್ತರಿಯಿಂದ ಒಂದೊಂದೇ ಮೊಗ್ಗನ್ನು ಕತ್ತರಿಸುತ್ತಿದ್ದಳು. ಅರಳಿದ ಹೂವೂ ನೆಲದಲ್ಲಿತ್ತು.

"ಅಮ್ಮಾ, ಇಷ್ಟು ವರ್ಷ ಕಾದಿದ್ದು ಇದಕ್ಕೇನಾ?"

"ಎಲ್ಲಾ ಅರಳಿದ್ರೆ ಅವರು ಹೋಗ್ಬಿಡ್ತಾರೆ ಕಣೇ," ಎಂದಳು, ತಿರುಗದೆ. "ಆಮೇಲೆ ನಾನು ಯಾರ ಹತ್ರ ಜಗಳ ಆಡ್ಲಿ?"

ಕೊನೆಯ ಮೊಗ್ಗು ಬಿದ್ದಾಗ ನೆರಳು ಮತ್ತೆ ಸೊಂಟದ ಮೇಲೆ ಕೈಯಿಟ್ಟು ಅವಳ ಮುಂದೆ ನಿಂತಿತು. ಅಮ್ಮ ಕತ್ತರಿ ಕೆಳಗಿಟ್ಟು ಕಣ್ಣೊರೆಸಿಕೊಂಡಳು.

"ಬೈಯಿರಿ," ಎಂದಳು. "ಎಷ್ಟು ಬೇಕಾದ್ರೂ ಬೈಯಿರಿ."