ಚೆಂಗಪ್ಪನ ಹಕ್ಕಿಯೊಳಗಿನ ಗಾಳಿ

"ನಮ್ಮೆಜಮಾನ್ರ ಉಸುರು ನಿಮ್ಮನೇಲೈತೆ ಸಾಮಿ. ಕೊಟ್ಬುಡಿ, ತಕ್ಕಂಡೋಯ್ತೀನಿ."

ಕಳೆದ ಭಾನುವಾರ ಬೆಳಗ್ಗೆ ನಮ್ಮ ಬಂಗಾರಪೇಟೆ ಮನೆಯ ಬಾಗಿಲಲ್ಲಿ ನಿಂತು ಒಬ್ಬ ಹೆಂಗಸು ಕೇಳಿದ್ದು ಇದನ್ನೇ. ಕೈಯಲ್ಲಿದ್ದ ಕಾಫಿ ಅಲ್ಲೇ ಆರಿತು.

ಆಕೆ ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನ ಮುನಿಯಮ್ಮ. ಗಾಜಿನ ಚೆಂಗಪ್ಪನ ಹೆಂಡತಿ. ಚೆಂಗಪ್ಪ ಹರೆಯವನ್ನೆಲ್ಲ ಗಣಿಯೊಳಗೆ ಕಲ್ಲು ಕೊರೆದು ಕಳೆದವನು. ಎದೆಗೆ ದೂಳು ಹಿಡಿದ ಮೇಲೆ ಗಣಿಯ ಲ್ಯಾಬಿಗೆ ಹಾಕಿದರು. ಗಾಜಿನ ಟ್ಯೂಬು ಕಾಯಿಸಿ ಬಗ್ಗಿಸುವ ಕೆಲಸ. ಅಲ್ಲಿ ಒಡೆದುಳಿದ ಟ್ಯೂಬುಗಳನ್ನು ಮನೆಗೆ ತಂದು, ಬೆಂಕಿಗೆ ಹಿಡಿದು, ಊದಿ ಊದಿ ಹಕ್ಕಿ ಮಾಡುತ್ತಿದ್ದ. ಒಂದರ ಹಾಗೆ ಇನ್ನೊಂದಿಲ್ಲ. ಆಟಿಕೆ ಅಂದರೆ ಕೆಂಡವಾಗುತ್ತಿದ್ದ!

ಊದಿದ ತಕ್ಷಣ ಬಾಲದ ತುದಿಯನ್ನು ಕರಗಿಸಿ ಸೀಲ್ ಮಾಡಿಬಿಡುವುದು ಅವನ ರೀತಿ. ಯಾಕಯ್ಯಾ ಎಂದು ಕೇಳಿದ್ದೆ. "ನನ್ನುಸುರು ಒಳಗಿದ್ರೇನೇ ಅದು ಹಕ್ಕಿ. ಇಲ್ದಿದ್ರೆ ಬಾಟ್ಲಿ ಕಣಣ್ಣಾ" ಎಂದಿದ್ದ. (ಇದ್ದ ಅರ್ಧ ಉಸಿರನ್ನೂ ಹೀಗೆ ಹಂಚುತ್ತಿದ್ದ ಪುಣ್ಯಾತ್ಮ.) ನನಗೂ ಒಂದು ಕೊಟ್ಟಿದ್ದ. ನಮ್ಮ ರೇಡಿಯೋ ಮೇಲೆ ಅದರ ವಾಸ.

ಚೆಂಗಪ್ಪ ತೀರಿಕೊಂಡು ತಿಂಗಳಾಯಿತು.

"ತಿಥಿ ದಿನ ಎಡೆ ಇಟ್ರೆ ಕಾಗೆ ಮುಟ್ನೇ ಇಲ್ಲ" ಎಂದಳು ಮುನಿಯಮ್ಮ. "ಜೀವ ಇನ್ನೂ ಎಲ್ಲೋ ಸಿಕ್ಕಾಕ್ಕೊಂಡೈತೆ ಅಂದ್ರು ಹಿರೇರು. ಎಲ್ಲಿ ಅಂತ ನಂಗೊತ್ತಿಲ್ವಾ? ಕೋರಮಂಡಲ್, ಬೂದಿಕೋಟೆ, ಹಕ್ಕಿ ತಕ್ಕಂಡೋಗಿದ್ದೋರ ಮನೇಗೆಲ್ಲಾ ಓಗಿ, ಕೈಮುಗ್ದು ಇಸ್ಕಂಡು ಒಡೆದಾಕ್ದೆ. ಆದ್ರೂ ಕಾಗೆ ಬತ್ತಾ ಇಲ್ಲ. ಇದೊಂದೇ ಉಳ್ದಿರೋದು."

ನಾನು ಸುಮ್ಮನಿರುವ ಜಾತಿಯೇ? ಶುರು ಮಾಡಿದೆ ಸೈನ್ಸ್ ಪಾಠ. ಅದರೊಳಗಿರುವುದು ಬರೀ ಗಾಳಿ, ಒಂದಿಷ್ಟು ನೀರಿನ ಪಸೆ, ಜೀವಗೀವ ಏನಿಲ್ಲಮ್ಮಾ ಎಂದೆ. ನಿಜ ಹೇಳಬೇಕೆಂದರೆ ಕೊಡಲು ಮನಸ್ಸಿರಲಿಲ್ಲ. ಅಷ್ಟು ಚೆಂದದ ವಸ್ತು ನಮ್ಮ ಮನೆಯಲ್ಲಿ ಇನ್ನೊಂದಿಲ್ಲ.

ಆಕೆ ಹಕ್ಕಿಯನ್ನೇ ನೋಡುತ್ತಿದ್ದಳು. ಚಳಿಗೆ ಗಾಜಿನ ಒಳಮೈ ಮಂಜು ಕಟ್ಟಿತ್ತು. ದಿನಾ ಕಟ್ಟುತ್ತದೆ, ರೇಡಿಯೋ ಬಿಸಿಯಾದ ಮೇಲೆ ಕರಗುತ್ತದೆ. ನಾನು ಎಂದೂ ತಲೆ ಕೆಡಿಸಿಕೊಂಡಿರಲಿಲ್ಲ.

"ನೋಡಿ, ಉಸುರಾಡ್ತಾ ಅವ್ರೆ."

ಅಡುಗೆಮನೆಯಿಂದ ಬಂದ ನಮ್ಮ ಮನೆಯವಳು "ರಾಮ ರಾಮಾ! ಮೊದ್ಲು ಅದನ್ನ ಕೊಟ್ಟು ಕಳಿಸ್ರೀ" ಎಂದಳು. ನಾನೂ ರೇಡಿಯೋದಿಂದ ಎರಡು ಹೆಜ್ಜೆ ಹಿಂದೆ ಸರಿದೆ, ಸುಳ್ಳೇಕೆ? ಸೈನ್ಸ್ ಎಲ್ಲಿ ಹೋಯಿತೋ!

ಕೊಟ್ಟೆ. ಮುನಿಯಮ್ಮ ಅಂಗಳಕ್ಕಿಳಿದಳು. ಈಗ ಕಲ್ಲಿಗೆ ಕುಕ್ಕುತ್ತಾಳೆ ಎಂದು ನಾವಿಬ್ಬರೂ ಕಾದೆವು. ಎತ್ತಿದ ಕೈ ಎತ್ತಿದ ಹಾಗೇ ನಿಂತಿತು.

"ನೀನೂ ಒಂಟೋದ್ರೆ ನಂಗೇನೈತೆ?" ಎಂದಳು. ನಮಗಲ್ಲ, ಹಕ್ಕಿಗೆ.

ಬಾಲದ ತುದಿಯನ್ನು ಕಟಕ್ಕನೆ ಮುರಿದಳು. ಬಾಯಿಗಿಟ್ಟುಕೊಂಡು, ಒಳಗಿದ್ದುದನ್ನು ನಿಧಾನವಾಗಿ ಎಳೆದುಕೊಂಡಳು. ತುಟಿಯಲ್ಲಿ ರಕ್ತ. ಬಾಯಿ ಬಿಗಿಯಾಗಿ ಮುಚ್ಚಿದಳು. ಖಾಲಿ ಹಕ್ಕಿಯನ್ನು ನನ್ನ ಕೈಗಿಟ್ಟು ಸ್ಟೇಷನ್ ಕಡೆ ನಡೆದೇಬಿಟ್ಟಳು.

"ಅಮ್ಮಾ, ಉಸಿರು ಬಿಡಮ್ಮಾ!" ಎಂದು ರಸ್ತೆಯ ತಿರುವಿನವರೆಗೂ ಕೂಗುತ್ತಾ ಹೋದೆ. ಆಕೆ ತಿರುಗಿ ನೋಡಲಿಲ್ಲ.

ಅವತ್ತು ಗಣಿ ಕಡೆಗೆ ಹೋಗುವ ಮಾರಿಕುಪ್ಪಂ ಗಾಡಿಯಲ್ಲಿ ಆಕೆಯ ಪಕ್ಕ ಕೂತಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಹೇಳಿ, ಆಕೆ ಉಸಿರು ಬಿಟ್ಟಳೇ?