ಮಾವನ ಬಾಗಿಲಿಗೆ ಅಡ್ಡ ಕಟ್ಟಿದ ಹಾಸು

ಯುದ್ಧದ ಕಾಲ. ಎಮ್ಮಿಗನೂರಿನಲ್ಲಿ ನಮ್ಮಂಥ ನೇಕಾರರಿಗೆ ನೂಲು ಸಿಗುವುದೇ ದುಸ್ತರವಾಗಿತ್ತು. ಸಿಕ್ಕಷ್ಟನ್ನು ನಾನೂ ಎದುರುಮನೆಯ ಮಾವನೂ ಕೂಡಿಸಿ ಒಂದೇ ಹಾಸು, ಅಂದರೆ ಸೀರೆಯ ಉದ್ದೆಳೆಗಳನ್ನು, ಸಿದ್ಧಮಾಡಿಕೊಂಡೆವು. ನೇಯುವಾಗ ಅರ್ಧ ನನಗೆ, ಅರ್ಧ ಅವನಿಗೆ. ಅವನೇನು ನಮ್ಮ ಸಂಬಂಧಿಯಲ್ಲ, ಓಣಿಗೆಲ್ಲ ಮಾವ.

ನನ್ನ ಪಾಲಿನಲ್ಲಿ ಅಕ್ಕನ ಮದುವೆ ಸೀರೆ ಆಗಬೇಕಿತ್ತು. ನೇಕಾರರ ಮನೆಯ ಹುಡುಗಿ ಅಂಗಡಿ ಸೀರೆ ಉಟ್ಟು ಹಸೆಗೆ ಕೂತರೆ ಕೋಸಗಿಯ ಬೀಗರು ಜೀವಮಾನವೆಲ್ಲ ಆಡಿಕೊಳ್ಳುತ್ತಾರೆಂದು ಅಕ್ಕನಿಗೆ ಒಂದೇ ಸಮನೆ ಚಿಂತೆ.

ಹಾಸನ್ನು ಓಣಿಯಲ್ಲಿ ಸೊಂಟದೆತ್ತರಕ್ಕೆ ಬಿಗಿದು ಕಟ್ಟಿ, ಬಿಸಿಲೇರುವ ಮೊದಲೇ ಎಳೆಗಳಿಗೆ ಗಂಜಿ ಹಚ್ಚಬೇಕು. ಗಂಜಿ ಕಾಸುವುದು ಮಾವನ ಪಾಲಿನ ಕೆಲಸ. ಕೊಪ್ಪರಿಗೆಯೂ ಅವನದೇ. ಯಾವಾಗ ಕಾಸುತ್ತೀರಿ ಎಂದರೆ ಕನ್ನಡದಲ್ಲಿ ‘ನೋಡೋಣು’ ಎನ್ನುತ್ತಿದ್ದ. ಮತ್ತೆ ಕೇಳಿದರೆ ತೆಲುಗಿನಲ್ಲಿ ‘ಚೂದ್ದಾಂ’. ಎರಡು ಭಾಷೆಯಲ್ಲೂ ಗಂಜಿ ಕಾಯಲಿಲ್ಲ. ನಾವು ಹಾಸು ಕಟ್ಟಿ ಕಾಯುತ್ತ ನಿಂತರೆ ಅವನು ಹೆಗಲಿಗೆ ವಲ್ಲಿ ಹಾಕಿಕೊಂಡು ಚಹಾದ ಹೋಟೆಲಿಗೆ ಹೊರಟುಬಿಡುತ್ತಿದ್ದ. ಬರುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ನನಗೆ ಕೋಪ ನೆತ್ತಿಗೇರುತ್ತಿತ್ತು, ಆದರೆ ಹಿರಿಯನನ್ನು ಬೈಯುವುದು ಹೇಗೆ?

ಮದುವೆ ಹತ್ತಿರ ಬಂತು. ಒಂದು ಸಂಜೆ ಅಕ್ಕ ರೊಟ್ಟಿ ತಟ್ಟುತ್ತಲೇ ದಾರಿ ತೋರಿಸಿದಳು.

“ಹಾಸು ನಮ್ಮ ಬಾಗ್ಲಾಗ ಯಾಕ ಕಟ್ತೀರಿ? ಮಾವನ ಬಾಗ್ಲಿಗೆ ಅಡ್ಡ ಕಟ್ರಿ.”

ನಮ್ಮ ಓಣಿಯಲ್ಲಿ ಕಟ್ಟಿದ ಹಾಸನ್ನು ಯಾರೂ ದಾಟುವುದಿಲ್ಲ, ಅದರಡಿ ನುಸುಳುವುದೂ ಇಲ್ಲ. ಹಾಗೆ ಮಾಡಿದರೆ ಮಗ್ಗಕ್ಕೆ ಕೇಡು ಎಂಬ ನಂಬಿಕೆ. ಮಾವನ ಮನೆಗೆ ಹಿಂಬಾಗಿಲೂ ಇರಲಿಲ್ಲ.

ಮರುದಿನ ಬೆಳಗ್ಗೆ ವಲ್ಲಿ ಹಾಕಿಕೊಂಡು ಬಾಗಿಲು ತೆರೆದ ಮಾವನ ಹೊಟ್ಟೆಗೆ ತಾಗುವಷ್ಟು ಹತ್ತಿರ ಹಾಸು. ಆ ಕಡೆ ಈ ಕಡೆ ನೋಡಿದ.

“ನಾ ಹೊರಗ ಹೆಂಗ ಬರ್ಲಿ?”

“ಗಂಜಿ ಹಚ್ಚಿ, ಒಣಗಿಸಿ, ಬಿಚ್ಚಿದ ಮ್ಯಾಲೆ ಬರ್ರಿ ಮಾವ,” ಎಂದಳು ಅಕ್ಕ, ಬಲು ವಿನಯದಿಂದ.

ಒಳಗೆ ಒಲೆ ಹೊತ್ತಿದ್ದು ಹೊಗೆಯಿಂದಲೇ ತಿಳಿಯಿತು. ಗಂಜಿಯನ್ನು ಹಾಸಿನ ಮೇಲಿಂದ ಕೈಗೆ ಕೊಟ್ಟವನೇ ಹೊಸ್ತಿಲಲ್ಲಿ ನಿಂತು ನಮ್ಮ ಮೇಲೆ ಹರಿಹಾಯತೊಡಗಿದ. ಕುಂಚ ಆಡಿಸುವುದು ನಿಧಾನವಾಯಿತಂತೆ, ಈಗಿನ ಹುಡುಗರಿಗೆ ಕೆಲಸದ ಮೇಲೆ ಧ್ಯಾಸವೇ ಇಲ್ಲವಂತೆ. ಅವನ ಚಹಾದ ಹೊತ್ತು ಮೀರುತ್ತಿತ್ತು, ಪಾಪ. ನಾನು ನಗು ತಡೆಯಲಾರದೆ ಗೋಡೆಗೆ ಮುಖ ಮಾಡಿದೆ.

ಸೀರೆ ಮದುವೆಯ ಹಿಂದಿನ ದಿನ ಮಗ್ಗದಿಂದ ಇಳಿಯಿತು. ಅದನ್ನುಟ್ಟು ಹಸೆಗೆ ಕೂತ ಅಕ್ಕನನ್ನು ನೋಡಿ ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಬೀಗರ ಹೆಂಗಸರು ಸೆರಗು ಹಿಡಿದು ಹಿಡಿದು ನೋಡಿದರು, ಆಡಿಕೊಳ್ಳಲು ಏನೂ ಸಿಗಲಿಲ್ಲ.

ತಾಳಿ ಕಟ್ಟಿ, ಊಟದ ಪಂಕ್ತಿಯೂ ಎದ್ದ ಮೇಲೆ ಎದುರುಮನೆಯಿಂದ ಮಾವ ಬಂದ, ಮುಷ್ಟಿಯಲ್ಲಿ ಅಕ್ಷತೆ ಹಿಡಿದುಕೊಂಡು. ಅಕ್ಕ ಅವನ ಕಾಲಿಗೆರಗಿ, ಮೇಲೇಳುತ್ತ ಕೇಳಿದಳು:

“ಇವತ್ತು ನಿಮ್ಮ ಬಾಗ್ಲಿಗೆ ಹಾಸು ಅಡ್ಡ ಇರ್ಲಿಲ್ಲಲ್ಲ ಮಾವ, ಯಾಕ ತಡಾ ಆತು?”

ಮಾವ ಅಕ್ಷತೆಯನ್ನು ಅವಳ ತಲೆಯ ಮೇಲೆ ಹಾಕಿದ.

“ಅಡ್ಡ ಇರ್ಲಿಲ್ಲ ನೋಡವ್ವ, ಅದಕ್ಕ ತಡಾ ಆತು.”